ಬೆಂಕಿಗೆಂದು ಹೊಲಿದ ಶರ್ಟು

'ಇವತ್ತಾದರೂ ನನ್ನ ಬಾಯಿಂದ ಮಾತು ಹೊರಗೆ ಬರುತ್ತಾ...?'

ಮೆಟ್ಟಿಲ ಬುಡದಲ್ಲಿ ನಿಂತು ಅವಳು ತನ್ನನ್ನೇ ಕೇಳಿಕೊಂಡಳು.

ದೊಡ್ಡ ಮಾತೇನಲ್ಲ. ಬೆಳಿಗ್ಗೆ ಡೈರಿಯಲ್ಲಿ ಬರೆದು, ಬಸ್ಸಿನ ಕಿಟಕಿಗೆ ಮುಖ ಮಾಡಿ ದಾರಿಯುದ್ದಕ್ಕೂ ಉರು ಹೊಡೆದದ್ದು ಇಷ್ಟೇ: 'ಅದು ನಮ್ಮಣ್ಣನ ಶರ್ಟು. ತಪ್ಪಿ ಇಲ್ಲಿಗೆ ಬಂದಿದೆ. ವಾಪಸ್ ಕೊಟ್ಟುಬಿಡಿ.'

ಬೇರೆಯವರಿಗೆ ಇದು ನೀರು ಕುಡಿದಷ್ಟು ಸುಲಭ. ಅವಳಿಗಲ್ಲ. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ದನಿ ಹೊರಡದೆ, ಕ್ಲಾಸಿನಲ್ಲೇ ಕೂತು ಗೈರುಹಾಜರಿ ಬೀಳಿಸಿಕೊಂಡವಳು. ಡಿಗ್ರಿಯೇನೋ ಕೈಗೆ ಬಂತು. ಕೆಲಸಕ್ಕೆಂದು ಹೋದಲ್ಲೆಲ್ಲ 'ಸ್ವಲ್ಪ ಜೋರಾಗಿ ಹೇಳಮ್ಮ' ಅನ್ನಿಸಿಕೊಂಡು ಬರಿಗೈಲಿ ಬಂದಳು.

ಅವಳ ಪರವಾಗಿ ಮಾತಾಡುತ್ತಿದ್ದವನು ಅಣ್ಣ. ಈಗ ಅವನಿಲ್ಲ.

ಮಹಡಿಯ ಮೇಲೆ, ಎಂದೋ ಮುಚ್ಚಿಹೋದ ಪ್ರಿಂಟಿಂಗ್ ಪ್ರೆಸ್ಸಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. 'ಸಿನಿಮಾ ಇಲ್ಲೇ ಆಗುತ್ತಿದೆ. ಬಾಗಿಲು ಬಡಿಯಬೇಡಿ, ರೆಕಾರ್ಡಿಂಗ್ ಹಾಳಾಗುತ್ತೆ. ಸುಮ್ಮನೆ ತಳ್ಳಿ.'

ಸುಮ್ಮನೆ ತಳ್ಳಿದಳು.

ಬಾಗಿಲಲ್ಲೇ ನಿಂತುಬಿಟ್ಟಳು!

ಕಿಟಕಿಯ ಹತ್ತಿರ ಅಣ್ಣ ಬೆನ್ನು ಮಾಡಿ ನಿಂತಿದ್ದ.

ಅದೇ ನೀಲಿ ಚೌಕಳಿ. ಅದೇ ಸವೆದು ಬಿಳಿಚಿದ ಕಾಲರು. ಮೊಣಕೈವರೆಗೆ ಮಡಚಿದ ಅದೇ ತೋಳು. 'ಅಣ್ಣ...' ಅನ್ನುವ ಶಬ್ದ ಗಂಟಲವರೆಗೆ ಬಂದು ಅಲ್ಲೇ ಸಿಕ್ಕಿಕೊಂಡಿತು.

ಅವನು ತಿರುಗಿದ.

ಅಣ್ಣನಲ್ಲ. ಹೇಗಾದಾನು? ಗಡ್ಡ ಬಿಟ್ಟ, ನಿದ್ದೆಗೆಟ್ಟ ಕಣ್ಣಿನ ಯಾರೋ ಒಬ್ಬ.

"ವಾಲಂಟಿಯರ್ರಾ?" ಕೇಳಿದ ಅವನು. "ಹೊಲಿಗೆ ಬರುತ್ತಾ?"

ಹೊಲಿಗೆ ಬರುತ್ತಿತ್ತು. ತಲೆ ಆಡಿಸಿದರೆ ಸಾಕಾಗುವ ಪ್ರಶ್ನೆ. ಆಡಿಸಿಬಿಟ್ಟಳು.

"ಅಬ್ಬಾ, ಬದುಕಿಸಿದ್ರಿ! ನಮ್ಮ ಹೀರೋ ಸೋಪಿನ ಜಾಹೀರಾತು ಸಿಕ್ತು ಅಂತ ನಿನ್ನೆ ಕೈಕೊಟ್ಟ. ಈಗ ನಾನೇ ಡೈರೆಕ್ಟ್ರು, ನಾನೇ ಹೀರೋ. ಅವನ ಬಟ್ಟೆ ಒಂದೂ ನನಗೆ ಆಗ್ತಿಲ್ಲ. ಇದು ನೋಡಿ, ಜನ ಕೊಟ್ಟ ಬಟ್ಟೆ ಡಬ್ಬದಲ್ಲಿತ್ತು. ನನ್ನನ್ನೇ ನಿಲ್ಲಿಸಿ ಅಳತೆ ತಗೊಂಡ ಹಾಗಿದೆ! ಕೊಟ್ಟ ಪುಣ್ಯಾತ್ಮ ಯಾರೋ... ಈ ಗುಂಡಿ ಒಂದು ಬಿಗಿ ಮಾಡಿಕೊಡ್ತೀರಾ?"

ಮೂರನೆಯ ಗುಂಡಿ ಹಸಿರು ದಾರದಲ್ಲಿ ನೇತಾಡುತ್ತಿತ್ತು. ಅವಸರದಲ್ಲಿ ಕೈಗೆ ಸಿಕ್ಕ ದಾರದಲ್ಲಿ ಅಣ್ಣನೇ ಹಾಕಿಕೊಂಡಿದ್ದ ಗುಂಡಿ.

ಅವನು ಸೂಜಿ ಕೊಟ್ಟ. ಶರ್ಟು ಬಿಚ್ಚಲೂ ಇಲ್ಲ. ಹಾಗೇ ಎದೆ ಸೆಟೆಸಿ ನಿಂತ.

ಅವಳು ಬಗ್ಗಿದಳು. ಅಣ್ಣನ ವಾಸನೆ! ಗ್ರೀಸು, ಬೆವರು, ಪೆಪ್ಪರ್‌ಮೆಂಟು... ಅದರ ಒಳಗಿಂದ ಬೇರೆ ಯಾರದೋ ಎದೆಯ ಬಿಸಿ. ಸೂಜಿ ತಪ್ಪಿ ಅವನ ಎದೆಗೆ ಚುಚ್ಚಿತು.

"ಅಯ್ಯೋ!" ಅಂದ ಅವನು. "ಪರವಾಗಿಲ್ಲ, ಇನ್ನೂ ಜೀವ ಇದೆ."

"ಒಗೀಬೇಡಿ," ಅಂದಳು ಅವಳು.

"ಏನಂದ್ರಿ?"

"ಈ ಶರ್ಟು... ಒಗೀಬೇಡಿ."

ಅವನ ಮುಖ ಅರಳಿತು. "ಕಂಟಿನ್ಯೂಟಿ! ಒಂದು ಶಾಟಲ್ಲಿ ಕೊಳೆ, ಮುಂದಿನ ಶಾಟಲ್ಲಿ ಫಳಫಳ ಆದ್ರೆ ಜನ ನಗ್ತಾರೆ. ಬಟ್ಟೆ ಒಗೀಬಾರದು ಅಂತ ನಿಮಗೆ ಗೊತ್ತು ಅಂದ್ಮೇಲೆ ಈ ಕೆಲಸ ನಿಮ್ಮದೇ!"

ಉರು ಹೊಡೆದ ಮಾತು ನಾಲಿಗೆಯ ಕೆಳಗೇ ಉಳಿಯಿತು.

'ಇರಲಿ. ಸಿನಿಮಾ ಮುಗಿಯೋವರೆಗೂ ಶರ್ಟಿನ ಜೊತೆಗೇ ಇರ್ತೀನಿ. ಮುಗಿದ ದಿನ ಮನೆಗೆ ತಗೊಂಡು ಹೋಗ್ತೀನಿ...'

ಅಂದುಕೊಂಡದ್ದು ಅಷ್ಟೇ.

---

ಅಣ್ಣ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಎತ್ತರದ ಕಟ್ಟಡವೊಂದರಲ್ಲಿ ಕಾಲು ಜಾರಿತು. ಪೆಟ್ಟಿಗೆ ಮುಚ್ಚಿಯೇ ಮನೆಗೆ ತಂದರು. 'ನೋಡೋ ಹಾಗಿಲ್ಲ' ಅಂದರು. ಅಮ್ಮ ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು.

ಅವತ್ತು ಬೆಳಿಗ್ಗೆ ಯೂನಿಫಾರಂ ಹಾಕಿಕೊಳ್ಳುವಾಗ ಅವನು ಬಿಚ್ಚಿ ಬಾಗಿಲ ಹಿಂದೆ ನೇತುಹಾಕಿದ್ದ ಶರ್ಟು ಇದು. ಅಮ್ಮ ಅದನ್ನು ಒಗೆಯಲು ಬಿಡಲಿಲ್ಲ. ತೊಡೆಯ ಮೇಲೆ ಹಾಕಿಕೊಂಡು ಕೂತರೆ ಊಟದ ಹೊತ್ತಾದರೂ ಏಳುತ್ತಿರಲಿಲ್ಲ. ಚಿಕ್ಕಮ್ಮ ನೋಡಿ ನೋಡಿ, "ಹೀಗೇ ಬಿಟ್ರೆ ಅಕ್ಕನೂ ನಮ್ಮ ಕೈಗೆ ಸಿಗಲ್ಲ" ಅಂದಳು. ಅಮ್ಮ ಸ್ನಾನಕ್ಕೆ ಹೋದಾಗ ಅವನ ಬಟ್ಟೆಯನ್ನೆಲ್ಲ ಬಾಚಿ, ಮೂಲೆಯ ಟೈಲರ್ ಅಂಗಡಿಯಲ್ಲಿ ಸಿನಿಮಾದವರು ಇಟ್ಟಿದ್ದ ಡಬ್ಬಕ್ಕೆ ಹಾಕಿ ಬಂದಳು.

ಅಮ್ಮ ಉಳಿದದ್ದು ಯಾವುದನ್ನೂ ಕೇಳಲಿಲ್ಲ. ಅದೊಂದನ್ನೇ ಕೇಳಿದಳು.

"ಗುಂಡಿ ಕಿತ್ತಿತ್ತಮ್ಮ. ಟೈಲರ್ ಹತ್ರ ಕೊಟ್ಟಿದ್ದೀನಿ." ಸುಳ್ಳು ಹೇಳುವುದು ಎಷ್ಟು ಸಲೀಸು! ನಿಜಕ್ಕೆ ಮಾತ್ರ ಗಂಟಲು ಕಟ್ಟುತ್ತದೆ.

"ಒಗೀಬೇಡ ಅಂತ ಹೇಳಿದ್ದೀಯಾ ತಾನೆ?"

"ಹೇಳಿದ್ದೀನಿ."

ಅದೊಂದು ಮಾತ್ರ ನಿಜವಾಗಿತ್ತು.

---

ಪ್ರೆಸ್ಸಿನ ಕೋಣೆಯಲ್ಲಿ ಯಾರಿಗೂ ಸಂಬಳವಿರಲಿಲ್ಲ. ಮೇಕಪ್ ಅಕ್ಕ ಪಾರ್ಲರ್ ಮುಚ್ಚಿ ಬರುತ್ತಿದ್ದಳು. ಸೌಂಡ್ ರೆಕಾರ್ಡ್ ಮಾಡುವವನು ಹಗಲೆಲ್ಲ ಕಾಲ್ ಸೆಂಟರಿನಲ್ಲಿ ಬೈಸಿಕೊಂಡು ಬರುತ್ತಿದ್ದ. ಅವನಿಗೆ ಎಲ್ಲರೂ 'ಕಿವಿ' ಅನ್ನುತ್ತಿದ್ದರು. ನಿರ್ದೇಶಕ ಬೆಳಿಗ್ಗೆ ಸ್ಕೂಲ್ ವ್ಯಾನ್ ಓಡಿಸಿ, ಮಧ್ಯಾಹ್ನ ಬೇರೆಯವರ ಮದುವೆ ವಿಡಿಯೋ ಕತ್ತರಿಸಿ, ಸಂಜೆ ತನ್ನ ಸಿನಿಮಾ ಮಾಡುತ್ತಿದ್ದ.

'ಒಂದು ಟೀ ಬಿಡಿ, ಒಂದು ಸಿನಿಮಾ ಮಾಡೋಣ' ಅಂತ ಇಂಟರ್ನೆಟ್ಟಿನಲ್ಲಿ ಹಾಕಿದ್ದರು. ಯಾರಾದರೂ ದುಡ್ಡು ಹಾಕಿದರೆ ಕಿವಿಯ ಫೋನು 'ಟಿಂಗ್' ಅನ್ನುತ್ತಿತ್ತು. ಶಾಟ್ ನಡುವೆ ಅಂದರೂ ಯಾರೂ ಬೈಯುತ್ತಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿ, ಕೊಟ್ಟವರ ಹೆಸರನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಹಣವಿಲ್ಲದವರು ವಸ್ತು ಕೊಟ್ಟಿದ್ದರು. ಅವರ ಹೆಸರೂ ಇತ್ತು. ಕುರ್ಚಿ, ಟೇಬಲ್ ಫ್ಯಾನು, ಸೈಕಲ್ಲು... ಎಲ್ಲದರ ಮುಂದೆ ಒಂದೊಂದು ಹೆಸರು.

ಒಂದರ ಮುಂದೆ ಮಾತ್ರ ಇರಲಿಲ್ಲ. 'ನೀಲಿ ಶರ್ಟು: ಯಾರೋ.'

ಬಂದಾಗಲೆಲ್ಲ ಅವಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅಣ್ಣ ಇಷ್ಟು ಬೇಗ 'ಯಾರೋ' ಆಗಿಬಿಟ್ಟನಾ...?

"ಏನೇ ಇವಳು, ಬಾಯಿಗೆ ಗುಂಡಿ ಹೊಲಿದುಕೊಂಡಿದ್ದಾಳಾ?" ಮೇಕಪ್ ಅಕ್ಕ ಕೆಣಕುತ್ತಿದ್ದಳು. "ಒಂದು ಮಾತಾಡೇ ತಾಯಿ! ಗೋಡೆನಾದ್ರೂ ವಾಪಸ್ ಪ್ರತಿಧ್ವನಿ ಕೊಡುತ್ತೆ."

"ಬಿಡಕ್ಕ," ಅನ್ನುತ್ತಿದ್ದ ಕಿವಿ. "ನನ್ನ ಮೈಕಿಗೆ ಇಷ್ಟ ಆದವರು ಈ ಯೂನಿಟ್ಟಲ್ಲಿ ಇವರೊಬ್ಬರೇ. ನೀನು ಉಸಿರಾಡಿದ್ರೂ ಬಸ್ ಸ್ಟ್ಯಾಂಡ್ ರೆಕಾರ್ಡ್ ಆಗುತ್ತೆ."

ಅವರೇ ಅವಳಿಗೆ ಹೆಸರಿಟ್ಟರು. ಸೂಜಿ.

ಸೂಜಿ ಯಾವುದನ್ನೂ ಬಿಡುತ್ತಿರಲಿಲ್ಲ. ಯಾವ ಶಾಟಿನಲ್ಲಿ ತೋಳು ಎಷ್ಟು ಮಡಚಿತ್ತು, ಬೆವರು ಎಲ್ಲಿಯವರೆಗೆ ಇಳಿದಿತ್ತು, ಎಲ್ಲ ಅವಳ ಕಣ್ಣಲ್ಲಿ. ಒಂದು ಸಲ ನಿರ್ದೇಶಕ ಬೇಸರಪಟ್ಟು, "ಬೆನ್ನಿನ ಬೆವರು ಯಾರು ನೋಡ್ತಾರೆ ರೀ?" ಅಂದ.

"ನಾನು ನೋಡ್ತೀನಿ," ಅಂದಳು. ಅಂದಮೇಲೆ ಅವಳ ಮುಖ ಕೆಂಪಾಯಿತು.

ಅವನು ಎಷ್ಟೋ ಹೊತ್ತು ಅವಳನ್ನೇ ನೋಡಿದ. ಅವತ್ತಿನಿಂದ ಪ್ರತಿ ಶಾಟಿಗೂ ಮೊದಲು ಅವಳ ಕಡೆ ಬೆನ್ನು ತಿರುಗಿಸಿ, "ಬೆವರು ಸರಿ ಇದೆಯಾ, ಸೂಜಿ?" ಅಂತ ಕೇಳುವುದು ಅವನಿಗೆ ಅಭ್ಯಾಸವಾಯಿತು. ಅವಳು ಆ ಪ್ರಶ್ನೆಗಾಗಿ ಕಾಯುವುದೂ...

'ಛೀ, ನಾನು ಶರ್ಟಿಗೋಸ್ಕರ ಬಂದವಳು. ಅಷ್ಟೇ.'

ಅಷ್ಟೇನಾ?

---

"ಕೊನೆ ದೃಶ್ಯದಲ್ಲಿ ಈ ಶರ್ಟು ಸುಡಬೇಕು," ಅಂದ ನಿರ್ದೇಶಕ ಒಂದು ದಿನ.

ಅವಳ ಕೈಯಲ್ಲಿದ್ದ ಕತ್ತರಿ ನಿಂತಿತು. "ಸುಡ್ತೀರಾ...?"

"ನಮ್ಮಪ್ಪ ಮಿಲ್ಲಿನಲ್ಲಿದ್ರು. ಮಿಲ್ಲು ಮುಚ್ಚಿದ ದಿನ ಕೆಲಸದ ಶರ್ಟು ಬಿಚ್ಚಿ, ಅಲ್ಲೇ ಡ್ರಮ್ಮಿನ ಬೆಂಕಿಗೆ ಹಾಕಿ, ಬನಿಯನ್ನಲ್ಲೇ ಮನೆವರೆಗೂ ನಡೆದು ಬಂದ್ರು. ಯಾಕೆ ಅಂತ ಕೇಳಿದ್ರೆ ಹೇಳಲಿಲ್ಲ. ಸಾಯೋವರೆಗೂ ಹೇಳಲಿಲ್ಲ." ಅವನು ನೆಲ ನೋಡುತ್ತ ಅಂದ. "ಈ ಸಿನಿಮಾ ಇರೋದೇ ಆ ಒಂದು ಶಾಟಿಗೋಸ್ಕರ. ನಿರ್ಮಾಪಕರು ಅದನ್ನೇ ಕಿತ್ತುಹಾಕಿ ಅಂದ್ರು. ಅದಕ್ಕೇ ಬೀದಿಯಲ್ಲಿ ಬೇಡ್ತಿದ್ದೀನಿ."

ಈಗ ಹೇಳಬೇಕು. ಈಗಲೇ! 'ಅದು ನಮ್ಮಣ್ಣನ...'

ಅವನ ಮುಖ ನೋಡಿದಳು. ಹೊರಬಂದದ್ದು ಬೇರೆಯೇ ಮಾತು.

"ನಾನು... ಇದೇ ಥರ ಇನ್ನೊಂದು ಹೊಲೀತೀನಿ. ಅದನ್ನ ಸುಡಿ."

ಹಳೆಯ ಬಟ್ಟೆ ಅಂಗಡಿಗಳನ್ನೆಲ್ಲ ಅಲೆದು ಅದೇ ಚೌಕಳಿ ತಂದಳು. ಹೊಲಿದಳು. ಸವೆದ ಹಾಗೆ ಕಾಣಲೆಂದು ಕಾಲರಿಗೆ ಉಪ್ಪುಕಾಗದ ಉಜ್ಜಿದಳು. ಟೀ ಸೊಪ್ಪಿನ ನೀರಲ್ಲಿ ಅದ್ದಿ, ಬಿಸಿಲಿಗೆ ಹಾಕಿ, ಮತ್ತೆ ಅದ್ದಿದಳು. ಮೂರನೆಯ ಗುಂಡಿಗೆ ಹಸಿರು ದಾರ ಹಾಕಿದಳು. ಎರಡನ್ನೂ ಪಕ್ಕಪಕ್ಕ ನೇತುಹಾಕಿದಾಗ ಮೇಕಪ್ ಅಕ್ಕ ಬಾಯಿಯ ಮೇಲೆ ಕೈಯಿಟ್ಟಳು.

"ಅವಳಿ ಜವಳಿ! ಹೆತ್ತ ತಾಯಿಗೂ ಗುರುತು ಸಿಗಲ್ಲ ಕಣೇ!"

ಹೆತ್ತ ತಾಯಿ... ಅವಳು ಹಳೆಯ ಶರ್ಟಿನ ಕಾಲರು ಸವರಿದಳು.

ಅಕ್ಕ ಹೋದ ಮೇಲೆ ನಿರ್ದೇಶಕ ಕಿಟಕಿಯ ಹತ್ತಿರ ಸುಳಿದಾಡಿದ. ಸೀಮೆಸುಣ್ಣವೊಂದನ್ನು ಬೆರಳಲ್ಲಿ ಪುಡಿ ಮಾಡುತ್ತ, "ಸೂಜಿ... ಕೊನೆ ಶಾಟ್ ಮುಗೀಲಿ. ನಿಮ್ಮ ಹತ್ರ ಒಂದು ಮಾತು ಹೇಳೋದಿದೆ," ಅಂದ.

"ನನಗೂ... ಹೇಳೋದಿದೆ," ಅಂದಳು.

ಅವನು ನಕ್ಕ. ಅವಳು ಹೇಳಬೇಕೆಂದದ್ದೂ ಅದೇ ಅಂದುಕೊಂಡನೇನೋ. ಪಾಪ.

---

ಮುಚ್ಚಿದ ಮಿಲ್ಲಿನ ಶೆಡ್ಡು ಸಿಕ್ಕಿದ್ದು ಒಂದೇ ದಿನಕ್ಕೆ, ಅದೂ ಸೂರ್ಯ ಇಳಿಯುವವರೆಗೆ. ತುಕ್ಕು ಹಿಡಿದ ಯಂತ್ರಗಳ ನಡುವೆ ಉದ್ದನೆಯ ದಾರಿ, ಆ ತುದಿಯಲ್ಲಿ ಉರಿಯುವ ಡ್ರಮ್ಮು. ಹಿಂದಿನ ಶಾಟಿಗೆ ಅವನು ಹಳೆಯ ಶರ್ಟಿನಲ್ಲೇ ಕಬ್ಬಿಣ ಹೊತ್ತಿದ್ದ. ಬೆನ್ನು ತೊಯ್ದು ತೊಪ್ಪೆಯಾಗಿತ್ತು.

ಇನ್ನು ಶರ್ಟು ಬದಲಿಸಬೇಕು. ಸೂಜಿ ಹೊಸದನ್ನು ಎತ್ತಿಕೊಂಡಳು. ಒಣಗಿತ್ತು! ಬೆವರಿನ ಗುರುತು ಬೇಕಲ್ಲ! ಸ್ಪ್ರೇ ಬಾಟಲಿಯೂ ಖಾಲಿ. "ಈಗ ಬಂದೆ," ಅಂತ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿ, ಹೊಸ ಶರ್ಟನ್ನೂ ಜೊತೆಗೇ ತೆಗೆದುಕೊಂಡು ಹಿಂದಿನ ನಲ್ಲಿಗೆ ಓಡಿದಳು.

ನಲ್ಲಿ ಸಣ್ಣಗೆ ಸುರಿಯಿತು. ಒಳಗಿನ ಮಾತು ಅಲ್ಲಿಗೂ ಕೇಳಿಸುತ್ತಿತ್ತು.

ಒಳಗೆ ಕ್ಯಾಮೆರಾದವನು ಕಿರುಚಿದ. "ಬೆಳಕು ಹೋಗ್ತಿದೆ! ಈಗಿಲ್ಲ ಅಂದ್ರೆ ಇಲ್ಲ!"

"ಆ ಇನ್ನೊಂದು ಶರ್ಟೆಲ್ಲಿ?"

"ಸೂಜಿನೂ ಇಲ್ಲ, ಶರ್ಟೂ ಇಲ್ಲ!"

"ಎರಡೂ ಒಂದೇ ತಾನೆ?" ಅಂದ ನಿರ್ದೇಶಕ. "ಇದರಲ್ಲೇ ಮಾಡೋಣ. ಬೆವರೂ ಮ್ಯಾಚ್ ಆಗುತ್ತೆ, ಸೂಜಿ ಬೈಯಲ್ಲ. ರೋಲ್!"

"ಸೈಲೆನ್ಸ್!" ಕೂಗಿದ ಕಿವಿ.

ಮೈ ಮೇಲೆ ಸೂರು ಬಿದ್ದರೂ ಆಮೇಲೆ ಯಾರೂ ಉಸಿರೆತ್ತಬಾರದು. ಯೂನಿಟ್ಟಿನ ಕಟ್ಟಳೆ ಅದು.

ಅವಳು ಬಾಗಿಲಿಗೆ ಬಂದದ್ದು ಆಗ. ಒಂದು ಕೈಯಲ್ಲಿ ನೀರು ತುಂಬಿದ ಸ್ಪ್ರೇ ಬಾಟಲಿ. ಇನ್ನೊಂದರಲ್ಲಿ ಬೆಂಕಿಗೆಂದು ಹೊಲಿದ ಶರ್ಟು.

ದಾರಿಯ ಮಧ್ಯೆ ಅವನು ಬೆನ್ನು ಮಾಡಿ ನಡೆಯುತ್ತಿದ್ದ. ನಿಧಾನಕ್ಕೆ. ಬೆನ್ನ ಮೇಲೆ ಅಣ್ಣನ ಚೌಕಳಿ.

'ನಿಲ್ಲಿ!' ಅನ್ನಬೇಕು. ಒಂದೇ ಒಂದು ಕೂಗು. ಬಾಯಿ ತೆರೆದಳು...

ದನಿ ಬರಲಿಲ್ಲ.

ಅವನು ಡ್ರಮ್ಮಿನ ಮುಂದೆ ನಿಂತ. ಗುಂಡಿ ಒಂದೊಂದಾಗಿ ಬಿಚ್ಚಿದ. ಶರ್ಟು ತೆಗೆದು ಅರೆಗಳಿಗೆ ಕೈಯಲ್ಲಿ ಹಿಡಿದ. ಆಮೇಲೆ ಬಿಟ್ಟ.

ಬೆಂಕಿ ಅದನ್ನು ಆತುರವಿಲ್ಲದೆ ತಿಂದಿತು.

"ಕಟ್!"

ಎಲ್ಲರೂ ಕುಣಿದಾಡಿದರು. ಮೇಕಪ್ ಅಕ್ಕ ಅತ್ತಳು. ಅವನು ಬನಿಯನ್ನಲ್ಲೇ ಅವಳ ಕಡೆ ಓಡೋಡಿ ಬಂದ. ಮುಖದ ತುಂಬ ಮಸಿ, ಮಸಿಯ ತುಂಬ ನಗು.

"ಸೂಜಿ! ನೋಡಿದ್ರಾ? ಬೆವರು ಸರಿ ಇತ್ತಾ?"

ಅವಳು ಅವನನ್ನೇ ನೋಡಿದಳು. ಬಾಟಲಿಯನ್ನು ಯಂತ್ರವೊಂದರ ಮೇಲೆ ಮೆಲ್ಲಗೆ ಇಟ್ಟಳು. ತಿರುಗಿ ಹೊರಟುಹೋದಳು.

"ಸೂಜಿ...? ನಾನು ಏನೋ ಹೇಳಬೇಕು ಅಂದಿದ್ದೆ... ಸೂಜಿ!"

---

ಮನೆಯಲ್ಲಿ ಅಮ್ಮ ಕೈ ಚಾಚಿದಳು. "ಬಂತಾ ಶರ್ಟು?"

ಸೂಜಿ ಮಾತಾಡದೆ ಕೊಟ್ಟಳು. ಇನ್ನೇನು ಕೊಡಲು ಉಳಿದಿತ್ತು?

ಅಮ್ಮ ತೊಡೆಯ ಮೇಲೆ ಹಾಕಿಕೊಂಡಳು. ಕಾಲರು ಸವರಿದಳು. ಹಸಿರು ದಾರ ಮುಟ್ಟಿದಳು. ಆಮೇಲೆ ಜೇಬಿನೊಳಗೆ ಬೆರಳು ಇಳಿಸಿದಳು.

ಅಣ್ಣ ಸ್ಕ್ರೂಡ್ರೈವರ್ ಇಟ್ಟೂ ಇಟ್ಟೂ ಜೇಬಿನ ತಳದಲ್ಲಿ ಒಂದು ತೂತು ಬಿದ್ದಿತ್ತು. ಹೊರಗಿನಿಂದ ಕಾಣುತ್ತಿರಲಿಲ್ಲ. ಕ್ಯಾಮೆರಾಕ್ಕೂ ಕಾಣುತ್ತಿರಲಿಲ್ಲ. ಸೂಜಿಗೆ ಗೊತ್ತೇ ಇರಲಿಲ್ಲ.

ಅಮ್ಮನ ಬೆರಳು ಜೇಬಿನ ತಳದಲ್ಲಿ ಹುಡುಕಿತು. ಮತ್ತೆ ಹುಡುಕಿತು. ನಿಂತಿತು.

ಬೆರಳು ಹೊರಗೆ ತೆಗೆದು ಅಮ್ಮ ಅಂದಳು. "ಹೊಲಿಗೆ ನೀಟಾಗಿದೆ ಕಣೇ. ಚೆನ್ನಾಗಿ ಕಲ್ತುಬಿಟ್ಟಿದ್ದೀಯಾ."

ಅಷ್ಟೇ. ಬೈಯಲಿಲ್ಲ. ಅಳಲಿಲ್ಲ. ಎದ್ದು ಶರ್ಟನ್ನು ಬಾಗಿಲ ಹಿಂದೆ, ಅದೇ ಮೊಳೆಗೆ ನೇತುಹಾಕಿದಳು. ಅವತ್ತಿನಿಂದ ಅದನ್ನು ಮುಟ್ಟಲೂ ಇಲ್ಲ.

ಸೂಜಿ ದಿಂಬಿಗೆ ಮುಖ ಒತ್ತಿ, ದನಿಯಿಲ್ಲದೆ ಅತ್ತಳು. ಅಳುವುದಕ್ಕೂ ಅವಳಿಗೆ ದನಿ ಇರಲಿಲ್ಲ.

ಫೋನಿಗೆ ನಿರ್ದೇಶಕನ ಮೆಸೇಜುಗಳು ಬರುತ್ತಿದ್ದವು. 'ಅಷ್ಟು ಕಷ್ಟಪಟ್ಟು ಹೊಲಿದಿದ್ರಿ, ಅದನ್ನ ಬಳಸಲಿಲ್ಲ ಅಂತ ಬೇಜಾರಾ?' ಆಮೇಲೆ, 'ನಾನು ಹೇಳಬೇಕು ಅಂದಿದ್ದ ಮಾತು ಇಷ್ಟ ಆಗದೆ ಹೋದ್ರಾ? ಹಾಗಿದ್ರೆ ಇನ್ನು ತೊಂದರೆ ಕೊಡಲ್ಲ.'

ಆಮೇಲೆ ಬರಲಿಲ್ಲ.

'ಅವನೇ ಸುಟ್ಟ. ಎರಡೂ ಒಂದೇ ತಾನೆ ಅಂದ...' ಅವಳು ಡೈರಿಯಲ್ಲಿ ಬರೆದಳು. ಬರೆದದ್ದು ಸುಳ್ಳು ಅನ್ನಿಸಿತು. ಯಾಕೆಂದು ತಿಳಿಯಲಿಲ್ಲ. ಹೊಡೆದು ಹಾಕಿದಳು.

---

ಒಂದು ಮಧ್ಯಾಹ್ನ ಕಿವಿ ಮನೆ ಹುಡುಕಿಕೊಂಡು ಬಂದ. ಕುರ್ಚಿಯ ತುದಿಯಲ್ಲಿ ಕೂತು, ಅಮ್ಮ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದ.

"ಸೂಜಿ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಸಲ ಬನ್ನಿ. ಡೈರೆಕ್ಟ್ರು ಕೊನೆ ಶಾಟ್ ಹಾಕ್ತಿಲ್ಲ. ದುಡ್ಡು ಕೊಟ್ಟವರನ್ನೆಲ್ಲ ಮೊದಲನೇ ಶೋಗೆ ಕರೆದಾಗಿದೆ. ಸಿನಿಮಾಕ್ಕೆ ಬಾಲವೇ ಇಲ್ಲ!"

"ಯಾಕೆ...?"

"ತಪ್ಪು ನಂದೇ. ಆ ಶಾಟಲ್ಲಿ ಒಂದು ಸದ್ದು ಬಂದಿತ್ತು. ಬೆಂಕಿ ಸದ್ದು ಅಲ್ಲ. ಹತ್ತಾರು ಸಲ ಕೇಳಿದ ಮೇಲೆ ಏನು ಅಂತ ಗೊತ್ತಾಯ್ತು. ಅವನಿಗೂ ಕೇಳಿಸಿದೆ. 'ಸೂಜಿ ಬಂದು ಹೇಳೋವರೆಗೂ ಈ ಶಾಟ್ ಮುಟ್ಟಲ್ಲ' ಅಂತ ಕೂತುಬಿಟ್ಟ. ಊಟನೂ ಇಲ್ಲ, ಗಡ್ಡನೂ ಇಲ್ಲ... ಅಂದ್ರೆ ಗಡ್ಡ ಇದೆ, ಬೇಕಾದಷ್ಟಿದೆ."

ಯಾರೂ ನಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿದಳು. "ಏನಪ್ಪಾ ಅದು ಕೊನೆ ಶಾಟು?"

"ಒಂದು ಶರ್ಟು ಸುಡೋದು, ಅಮ್ಮಾ."

ಅಮ್ಮ ಬಾಗಿಲ ಹಿಂದಿನ ಮೊಳೆಯ ಕಡೆ ನೋಡಿದಳು. ಮಗಳ ಕಡೆ ನೋಡಿದಳು.

"ನೀಲಿದಾ?"

ಕಿವಿ ಬೆಪ್ಪಾಗಿ ತಲೆಯಾಡಿಸಿದ. ಸೂಜಿ ತಲೆ ಎತ್ತಲಿಲ್ಲ.

"ಹೋಗಿ ಬಾ," ಅಂದಳು ಅಮ್ಮ. ದನಿ ಒಣಗಿತ್ತು. "ನನ್ನ ಮಗ ಹೇಗೆ ಹೋದ ಅಂತ ನನಗೆ ಯಾರೂ ತೋರಿಸಲಿಲ್ಲ. ಅವನ ಶರ್ಟು ಹೇಗೆ ಹೋಯ್ತು ಅಂತನಾದ್ರೂ ನೋಡ್ತೀನಿ. ಆ ಸಿನಿಮಾದವರಿಗೆ ಹೇಳು, ಅದನ್ನ ತೆಗೆದುಹಾಕಬೇಡಿ ಅಂತ. ನೀನೇ ಬಾಯಿಬಿಟ್ಟು ಹೇಳು."

---

ಪ್ರೆಸ್ಸಿನ ಕೋಣೆಯಲ್ಲಿ ನಿರ್ದೇಶಕನೊಬ್ಬನೇ ಇದ್ದ. ಅವಳನ್ನು ಕಂಡು ಎದ್ದ. ಏನೂ ಕೇಳದೆ ಹೆಡ್‌ಫೋನು ಮುಂದೆ ಹಿಡಿದ.

ಪರದೆಯ ಮೇಲೆ ಅವನು ನಡೆಯುತ್ತಿದ್ದ. ಹೆಜ್ಜೆ ಸದ್ದು. ದೂರದ ಬೆಂಕಿಯ ಚಟಪಟ. ಗುಂಡಿಗಳು. ಶರ್ಟು ಬೆಂಕಿಗೆ ಬಿತ್ತು. ಆಗ, ಮೈಕಿಗೆ ತುಂಬ ಹತ್ತಿರದಲ್ಲಿ...

'ಚುಸ್... ಚುಸ್... ಚುಸ್...'

ಅವಳ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಸ್ಪ್ರೇ ಬಾಟಲಿ! ತಾನು ಅದನ್ನು ಒತ್ತುತ್ತಿದ್ದೆ ಅನ್ನುವುದು ಅವಳಿಗೆ ಈಗ ಗೊತ್ತಾಯಿತು.

"ಅಷ್ಟು ದೂರದಿಂದ..." ಅವನ ದನಿ ಒಡೆಯಿತು. "ಅಷ್ಟು ಸಣ್ಣ ಬಾಟಲೀಲಿ ಬೆಂಕಿ ಆರಿಸ್ತಿದ್ರಾ, ಸೂಜಿ? ಯಾರದು ಆ ಶರ್ಟು?"

ಎಷ್ಟು ಸಲ ಉರು ಹೊಡೆದಿದ್ದ ಮಾತು!

"ನಮ್ಮಣ್ಣಂದು."

ಹೇಳಿಬಿಟ್ಟಳು. ಸೂರು ಕುಸಿಯಲಿಲ್ಲ. ಮುಂದಿನದೆಲ್ಲ ತಡವರಿಸುತ್ತ, ಹಿಂದುಮುಂದಾಗಿ ಬಂತು. ಲಿಫ್ಟು, ಮುಚ್ಚಿದ ಪೆಟ್ಟಿಗೆ, ಚಿಕ್ಕಮ್ಮ, ಡಬ್ಬ, ಅಮ್ಮನ ಬೆರಳು...

ಅವನು ಕೇಳುತ್ತ ಕೇಳುತ್ತ ಗೋಡೆಯ ಹತ್ತಿರ ಹೋದ. 'ಯಾರೋ' ಅನ್ನುವುದನ್ನು ಅಂಗೈಯಿಂದ ಒರೆಸಿದ. ಒರೆಸಿ ಅಲ್ಲೇ ಹಣೆಯೂರಿ ನಿಂತ.

"ನನ್ನ ಕೈಯಾರೆ..." ಅಂದ. "ನನ್ನ ಕೈಯಾರೆ ಹಾಕಿದೆನಲ್ಲ. ಎರಡೂ ಒಂದೇ ತಾನೆ ಅಂದೆನಲ್ಲ..."

"ಅಮ್ಮ ಆ ಶಾಟ್ ತೆಗೆದುಹಾಕಬೇಡಿ ಅಂದ್ರು. ನೋಡಬೇಕಂತೆ."

ಅವನು ತಿರುಗಿದ. ಕಣ್ಣು ಕೆಂಪಾಗಿತ್ತು. "ಅವರನ್ನ ಹೇಗೆ ನೋಡಲಿ ನಾನು? ನಿಮ್ಮನ್ನ ಹೇಗೆ ನೋಡಲಿ?"

ಅವಳು ಹೆಡ್‌ಫೋನು ಕೆಳಗಿಟ್ಟಳು.

"ಒಂದು ಕೇಳ್ತೀನಿ, ಸೂಜಿ. ಬೈಯೋಕೆ ಅಲ್ಲ. ಆ ಬಾಟಲಿ ಸದ್ದು ಶುರು ಆಗೋದು ಬೆಂಕಿ ಹತ್ತಿದ ಮೇಲೆ. ಆದ್ರೆ ನಾನು ಆ ತುದಿವರೆಗೂ ನಡೆದೆ. ಎಷ್ಟು ಉದ್ದದ ದಾರಿ ಅದು! ನೀವು ಬಾಗಿಲಲ್ಲೇ ಇದ್ರಿ. ಒಂದು ಸಲ ಕೂಗಿದ್ರೆ ಸಾಕಿತ್ತು. ಶಾಟ್ ಹಾಳಾಗ್ತಿತ್ತು, ಆಗ್ಲಿ! ಯಾಕೆ ಕೂಗಲಿಲ್ಲ?"

'ನನಗೆ ದನಿ ಬರಲ್ಲ. ನಾನು ಹೀಗೇ.' ಅನ್ನಬಹುದಿತ್ತು. ಎಲ್ಲರೂ ನಂಬುತ್ತಿದ್ದರು. ಇಷ್ಟು ದಿನ ಅವಳೂ ನಂಬಿದ್ದಳು.

ಪರದೆಯಲ್ಲಿ ಶಾಟು ಮತ್ತೆ ಮೊದಲಿನಿಂದ ಶುರುವಾಗಿತ್ತು. ಅವನ ಬೆನ್ನು. ಆ ನಡಿಗೆ. ಅವಳು ನೋಡಿದಳು. ನೋಡುತ್ತ ನೋಡುತ್ತ, ಡೈರಿಯಲ್ಲಿ ಯಾಕೆ ಆ ಸಾಲು ಹೊಡೆದು ಹಾಕಿದ್ದಳು ಅನ್ನುವುದು ತಿಳಿಯಿತು. ಅಮ್ಮನ ಮುಖ ನೋಡಲು ಯಾಕೆ ಆಗುತ್ತಿರಲಿಲ್ಲ ಅನ್ನುವುದೂ.

"ಮೊದಲು... ಅಣ್ಣ ಅನ್ಕೊಂಡೆ," ಅಂದಳು. "ಬೆನ್ನು ನೋಡಿ. ಅಣ್ಣ ನಡ್ಕೊಂಡು ಹೋಗ್ತಿದ್ದಾನೆ ಅನ್ಸ್ತು. ಕೂಗಿದ್ರೆ ಹೋಗಿಬಿಡ್ತಾನೆ ಅಂತ ಸುಮ್ಮನಾದೆ."

"ಸೂಜಿ..."

"ಇರಿ. ಮುಗೀಲಿಲ್ಲ."

ಅವಳು ಹಾಗೆ ಯಾರನ್ನೂ ಎಂದೂ ತಡೆದಿರಲಿಲ್ಲ. ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ಹೋಯಿತು. ಅದು ಹೋಗುವವರೆಗೂ ಅವಳು ಕಾದಳು. ಈ ಸಲ ತನ್ನ ಮಾತು ಯಾವ ಸದ್ದಿನಲ್ಲೂ ಮುಚ್ಚಿಹೋಗಬಾರದು.

"ಅರ್ಧ ದಾರೀಲಿ ಗೊತ್ತಾಯ್ತು, ಅದು ಅಣ್ಣ ಅಲ್ಲ ಅಂತ. ಅವನು ಹಾಗೆ ನಡೀತಿರಲಿಲ್ಲ. ಆಗಲೂ ಕೂಗಬಹುದಿತ್ತು."

"ಮತ್ತೆ?"

ಅವಳು ತಲೆ ಎತ್ತಿದಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ದನಿ ಮಾತ್ರ ನೆಟ್ಟಗೆ, ಇಡೀ ಕೋಣೆಗೆ ಕೇಳಿಸುವ ಹಾಗೆ ಬಂತು.

"ನಾನು ಶರ್ಟು ನೋಡ್ತಿರಲಿಲ್ಲ. ನಿಮ್ಮನ್ನ ನೋಡ್ತಿದ್ದೆ."